ಕೈಗೆ ಬರುವ ಕೆಲಸವನ್ನು ಮೊದಲು ಬರೆದಿಡಿ

(ಕೆಲಸ ಹುಡುಕುತ್ತಿರುವವರು ಮತ್ತು ಕೆಲಸ ಬದಲಿಸಬೇಕು ಅಂದುಕೊಂಡವರಿಗಾಗಿ ಬೆಳಗಾವಿಯಲ್ಲಿ ನಡೆದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಭೆ ಶುರುವಾಗುವ ಮೊದಲು ಸಂಘಟಕರು ನಿಮ್ಮ ಕೈಗೆ ಒಂದೊಂದು ಚೀಟಿ ಕೊಟ್ಟು, ಈಗ ನಿಮ್ಮನ್ನು ಕಾಡುತ್ತಿರುವ ಚಿಂತೆ ಏನು ಅಂತ ಬರೆಸಿಕೊಂಡಿದ್ದರು. ಹೆಸರು ಬರೆಯುವುದು ಬೇಡ ಅಂದಿದ್ದರಿಂದ ನೀವೆಲ್ಲ ಮನಸ್ಸು ಬಿಚ್ಚಿ ಬರೆದಿದ್ದೀರಿ. ಪುಣೆಯಲ್ಲಿ ಕೆಲಸ ಹೋಗಿ ಊರಿಗೆ ವಾಪಸ್ ಬಂದ ಎಂಜಿನಿಯರ್ ಇಲ್ಲಿದ್ದಾರೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ವರ್ಷಗಟ್ಟಲೆ ಒಂದೇ ಮಷಿನ್ ಮುಂದೆ ನಿಂತು ಬೇಸತ್ತವರಿದ್ದಾರೆ. ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಬೇಕು ಅನ್ನುವ ಅಕ್ಕಂದಿರಿದ್ದಾರೆ. ಸರ್ಕಾರಿ ಪರೀಕ್ಷೆ ಬರೆದು ಬರೆದು ಸುಸ್ತಾದವರೂ ಇದ್ದಾರೆ. ಕಥೆ ಒಬ್ಬೊಬ್ಬರದು ಒಂದೊಂದು. ಆದರೆ ಎಷ್ಟೋ ಚೀಟಿಗಳ ಕೊನೆಯಲ್ಲಿ ಒಂದೇ ಸಾಲು ಇದೆ: "ನನಗೆ ಏನೂ ಬರೋದಿಲ್ಲ ಅಂತ ಅನ್ನಿಸ್ತದೆ."

ನಾನು ಇಲ್ಲಿನ ಕಾರ್ಖಾನೆಗಳಲ್ಲಿ ಬಹಳ ವರ್ಷ ಕೆಲಸಕ್ಕೆ ಜನರನ್ನು ಆರಿಸಿದ್ದೇನೆ, ಬಂದವರಿಗೆ ತರಬೇತಿ ಕೊಟ್ಟಿದ್ದೇನೆ. ಸಂದರ್ಶನದ ಮೇಜಿನ ಆ ಕಡೆ ಕೂತು ನೋಡಿದ್ದನ್ನು ಹೇಳುತ್ತೇನೆ. ಏನೂ ಬರದವರನ್ನು ನಾನು ನೋಡಿದ್ದು ತೀರಾ ಕಡಿಮೆ. ತನಗೆ ಏನು ಬರುತ್ತದೆ ಅನ್ನುವುದನ್ನು ಹೇಳಲಾಗದವರನ್ನು ನೋಡಿದ್ದು ಬಹಳ. ಅದಕ್ಕೇ ಇವತ್ತು ನಾನು ನಿಮಗೆ ಹುರುಪು ತುಂಬುವ ಭಾಷಣ ಮಾಡುವುದಿಲ್ಲ. "ನೀನು ಸಿಂಹ, ನಿನ್ನ ಶಕ್ತಿ ನಿನಗೆ ಗೊತ್ತಿಲ್ಲ" ಅಂತ ಹೇಳಿದರೆ ಇವತ್ತು ರಾತ್ರಿ ನಿಮಗೆ ಖುಷಿ ಆಗುತ್ತದೆ. ಸೋಮವಾರ ಬೆಳಿಗ್ಗೆ ಸೂಪರ್‌ವೈಸರ್ ಎದುರು ನಿಂತಾಗ ಆ ಖುಷಿ ಉಳಿದಿರುವುದಿಲ್ಲ.

ಯಾಕೆ ಉಳಿಯುವುದಿಲ್ಲ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರಾ ಅನ್ನುವ ಮನೋವಿಜ್ಞಾನಿ ಇದ್ದರು. "ಈ ಕೆಲಸ ನನ್ನಿಂದ ಆಗುತ್ತದೆ" ಅನ್ನುವ ನಂಬಿಕೆ ಮನುಷ್ಯನಿಗೆ ಎಲ್ಲಿಂದ ಬರುತ್ತದೆ ಅಂತ 1977ರಲ್ಲಿ ಅವರು ಬರೆದರು. ನಾಲ್ಕು ಕಡೆಯಿಂದ ಬರುತ್ತದೆ ಅಂದರು. ಸ್ವತಃ ಒಂದು ಕೆಲಸ ಮಾಡಿ ಮುಗಿಸಿದ ಅನುಭವದಿಂದ. ನಮ್ಮಂಥವರೇ ಅದನ್ನು ಮಾಡಿದ್ದನ್ನು ಕಣ್ಣಾರೆ ನೋಡುವುದರಿಂದ. ಬೇರೆಯವರು ಹೇಳುವ ಮಾತಿನಿಂದ. ಮತ್ತು ನಮ್ಮ ದೇಹದ ಸ್ಥಿತಿಯಿಂದ, ಅಂದರೆ ನಿದ್ದೆ, ಸುಸ್ತು, ಎದೆ ಹೊಡೆದುಕೊಳ್ಳುವುದು ಇಂಥವುಗಳಿಂದ. ಈ ನಾಲ್ಕರಲ್ಲಿ ಹೆಚ್ಚು ಬಲವಾದದ್ದು ಮೊದಲನೆಯದು. ಮಾಡಿ ಮುಗಿಸಿದ ಕೆಲಸ. ಬರೀ ಮಾತಿಗೆ ಅಷ್ಟು ಬಲ ಇಲ್ಲ. ನಾವು ಮಾತ್ರ ಮಾತನ್ನೇ ಜಾಸ್ತಿ ಹುಡುಕುತ್ತೇವೆ, ಯಾಕೆಂದರೆ ಅದು ಸುಲಭವಾಗಿ ಸಿಗುತ್ತದೆ.

ಹಾಗಾಗಿ ನಾನು ಕೇಳುವುದು ಒಂದೇ. ಒಂದು ನೋಟ್‌ಬುಕ್ ತಗೊಳ್ಳಿ. ಇಲ್ಲಿಯವರೆಗೆ ನಿಮ್ಮ ಕೈಯಿಂದ ಆದ ಕೆಲಸಗಳನ್ನು ಬರೆಯಿರಿ. ಹುದ್ದೆಯ ಹೆಸರು ಬೇಡ, ಕೆಲಸ ಬರೆಯಿರಿ.

ಇದು ಕೇಳಲು ಸಣ್ಣದು ಅನ್ನಿಸಬಹುದು. ಒಂದು ಉದಾಹರಣೆ ಕೊಡುತ್ತೇನೆ. ಫೌಂಡ್ರಿಯೊಂದರಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ಹುಡುಗ ನನ್ನ ಹತ್ತಿರ ಬಂದಿದ್ದ. ಬಯೋಡೇಟಾದಲ್ಲಿ ಎರಡೇ ಸಾಲು: "ಕ್ವಾಲಿಟಿ ಇನ್‌ಸ್ಪೆಕ್ಟರ್, ಆರು ವರ್ಷ." ಬೇರೇನು ಮಾಡ್ತೀಯಪ್ಪಾ ಅಂದರೆ, "ಅಷ್ಟೇ ಸರ್, ಚೆಕ್ ಮಾಡೋದು" ಅಂದ. ಬೆಳಿಗ್ಗೆ ಗೇಟಿನೊಳಗೆ ಕಾಲಿಟ್ಟಾಗಿನಿಂದ ಏನೇನು ಮಾಡುತ್ತೀ, ಬಿಡಿಸಿ ಹೇಳು ಅಂದೆ. ನಿಧಾನಕ್ಕೆ ಹೊರಗೆ ಬಂತು. ಡ್ರಾಯಿಂಗ್ ಓದುತ್ತಾನೆ. ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್ ಅನ್ನುವ ಅಳತೆಯ ಉಪಕರಣಗಳನ್ನು ಹಿಡಿಯುತ್ತಾನೆ. ಕಾಸ್ಟಿಂಗ್, ಅಂದರೆ ಎರಕದ ಪೀಸ್ ನೋಡಿದ ಕೂಡಲೇ ಇದು ಬ್ಲೋ ಹೋಲ್ (ಗಾಳಿಗುಳ್ಳೆ), ಇದು ಶ್ರಿಂಕೇಜ್ (ಲೋಹ ಕುಗ್ಗಿ ಆದ ಪೊಳ್ಳು), ಇದು ಕೋಲ್ಡ್ ಶಟ್ (ಲೋಹ ಸರಿಯಾಗಿ ಕೂಡದೆ ಉಳಿದ ಗೆರೆ) ಅಂತ ಬೇರೆ ಮಾಡುತ್ತಾನೆ. ಯಾವ ಪಾಳಿಯಲ್ಲಿ ಎಷ್ಟು ಪೀಸ್ ತಿರಸ್ಕಾರ ಆಯಿತು ಅಂತ ಎಕ್ಸೆಲ್‌ನಲ್ಲಿ ಹಾಕುತ್ತಾನೆ. ಗ್ರಾಹಕರ ಕಡೆಯ ಎಂಜಿನಿಯರ್ ಬಂದಾಗ ಅವರ ಜೊತೆ ಶಾಪ್ ಸುತ್ತುವವನೂ ಅವನೇ. ಹೊಸದಾಗಿ ಸೇರಿದ ಐಟಿಐ ಹುಡುಗರಿಗೆ ಅಳತೆ ಹಿಡಿಯುವುದು ಕಲಿಸುವವನೂ ಅವನೇ.

ಇದೆಲ್ಲ "ಚೆಕ್ ಮಾಡೋದು" ಅನ್ನುವ ಎರಡು ಪದದಲ್ಲಿ ಮುಚ್ಚಿಹೋಗಿತ್ತು. ಬಿಡಿಸಿ ಬರೆದ ಮೇಲೆ ಅವನ ಮುಂದೆ ದಾರಿಗಳೂ ಕಂಡವು. ಅಳತೆ ಅವನಿಗೆ ಇಷ್ಟ ಅಂದರೆ ಸಿಎಂಎಂ ಅನ್ನುವ, ಕಂಪ್ಯೂಟರಿನಿಂದ ಅಳತೆ ತೆಗೆಯುವ ಮಷಿನ್ನಿನ ಪ್ರೋಗ್ರಾಮಿಂಗ್ ಕಡೆ ಹೋಗಬಹುದು. ದೋಷ ಹುಡುಕುವುದು ಇಷ್ಟ ಅಂದರೆ ಅಲ್ಟ್ರಾಸಾನಿಕ್, ಡೈ ಪೆನಿಟ್ರಂಟ್, ಎಕ್ಸ್‌ರೇ ಪರೀಕ್ಷೆಗಳನ್ನು ಕಲಿತು ಸರ್ಟಿಫಿಕೇಟ್ ಪಡೆಯಬಹುದು. ಜನರ ಜೊತೆ ಒಡನಾಟ ಇಷ್ಟ ಅಂದರೆ ಪೂರೈಕೆದಾರರ ಗುಣಮಟ್ಟ ನೋಡುವ ಕೆಲಸ ಇದೆ. ಕಲಿಸುವುದು ಇಷ್ಟ ಅಂದರೆ ತರಬೇತಿ ಇದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ ಬಂದು ಎಷ್ಟು ವರ್ಷ ಆಯಿತು ನೋಡಿ. ವಿಮಾನದ ಕೆಲಸಕ್ಕೆ ಎಎಸ್ 9100 ಅನ್ನುವ ಗುಣಮಟ್ಟದ ನಿಯಮ ಇದೆ. ಪ್ರತಿ ಬಿಡಿಭಾಗದ ಹಿಂದೆ ದಾಖಲೆ ಇರಬೇಕು. ಅಳತೆ ಮತ್ತು ದಾಖಲೆ ಎರಡೂ ಗೊತ್ತಿರುವ ಹುಡುಗನಿಗೆ ಆ ನಿಯಮ ಕಲಿಯುವುದು ಕಷ್ಟವಲ್ಲ. ಅವನಿಗೆ ಅದು ಬೇರೆ ಲೋಕ ಅಂತ ಅನ್ನಿಸಿತ್ತು. ಪಟ್ಟಿ ಬರೆದ ಮೇಲೆ ಪಕ್ಕದ ಬಾಗಿಲು ಅನ್ನಿಸಿತು.

ದಾರಿ ಕಾಣುವುದು ಹೀಗೆ ಅಂತ ನಾನು ನಂಬಿದ್ದೇನೆ. "ನನ್ನ ಜೀವನದ ಗುರಿ ಏನು?" ಅಂತ ಮನೆಯಲ್ಲಿ ಕೂತು ಯೋಚನೆ ಮಾಡಿದರೆ ತಲೆ ಬಿಸಿ ಆಗುತ್ತದೆಯೇ ಹೊರತು ಉತ್ತರ ಬರುವುದಿಲ್ಲ. ಮಾಡಿದ ಕೆಲಸದ ಪಟ್ಟಿ ಎದುರಿಗಿದ್ದಾಗ, ಇದರಲ್ಲಿ ಯಾವುದನ್ನು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಯಾವುದಕ್ಕೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು ಅಂತ ಕೇಳಿಕೊಳ್ಳಬಹುದು. ಅದಕ್ಕೆ ಉತ್ತರ ಸಿಗುತ್ತದೆ.

ಬರೆಯುವಾಗ ಅಂಕಿ ಹಾಕಿ. "ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ" ಅಂತ ಬರೆಯುವ ಬದಲು, ಎಷ್ಟು ಬಗೆಯ ಸಾಮಾನು, ತಿಂಗಳಿಗೆ ಎಷ್ಟು ಬಿಲ್, ವರ್ಷದ ಕೊನೆಯ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಬಂತು ಅಂತ ಬರೆಯಿರಿ. ಕಾರ್ಖಾನೆಯ ಗುಟ್ಟುಗಳನ್ನು, ಗ್ರಾಹಕರ ಹೆಸರುಗಳನ್ನು ಬರೆಯಬೇಡಿ. ನಿಮ್ಮ ಕೆಲಸದ ಅಳತೆ ಸಾಕು.

ಇನ್ನೊಂದು ಮಾತು. ಕೆಲಸ ಹೋಗಿ ಹೊಸದಾಗಿ ಮನೆಗೆ ಬಂದವರಿಗೆ ಈ ಪಟ್ಟಿ ಬರೆಯಲು ಕೂತರೆ ಸಿಟ್ಟೇ ಬರುತ್ತದೆ. ಬರಲಿ. ಬೇರೆ ಒಂದು ಪುಸ್ತಕದಲ್ಲಿ ಆ ಸಿಟ್ಟನ್ನು ಬರೆಯಿರಿ. ಯಾರಿಗೂ ತೋರಿಸುವುದು ಬೇಡ. ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳ ಮೇಲೆ ಹೀಗೊಂದು ಅಧ್ಯಯನ ಮಾಡಿದ್ದರು, 1994ರಲ್ಲಿ ಪ್ರಕಟವಾಯಿತು. ಕೆಲಸ ಹೋದದ್ದರ ನೋವನ್ನು ಕೆಲವು ದಿನ ಕೂತು ಬರೆದವರಿಗೆ, ಬರೆಯದವರಿಗಿಂತ ಬೇಗ ಮತ್ತೆ ಕೆಲಸ ಸಿಕ್ಕಿತ್ತು. ಅವರು ಜಾಸ್ತಿ ಅರ್ಜಿ ಹಾಕಿದ್ದರು ಅಂತಲ್ಲ. ಹಳೆ ಕಂಪನಿಯ ಮೇಲಿನ ಸಿಟ್ಟನ್ನು ಹೊಸ ಸಂದರ್ಶನದ ಕೋಣೆಯೊಳಗೆ ಹೊತ್ತುಕೊಂಡು ಹೋಗಲಿಲ್ಲ, ಅದಕ್ಕೇ ಇರಬೇಕು ಅಂತ ನನ್ನ ಊಹೆ. ಎದುರಿಗೆ ಕೂತವರಿಗೆ ಆ ಸಿಟ್ಟು ಬಹಳ ಬೇಗ ಗೊತ್ತಾಗುತ್ತದೆ.

ಈಗ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬರಬೇಕು ಅನ್ನುವ ಅಕ್ಕಂದಿರ ವಿಷಯ. ನನಗೆ ಗೊತ್ತಿರುವ ಒಬ್ಬರು ಮದುವೆಗೆ ಮೊದಲು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದರು. ಆಗ ವ್ಯಾಟ್ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಆಗ ಅವರು ಮಗುವಿನ ಜೊತೆ ಮನೆಯಲ್ಲಿದ್ದರು. "ನಾನು ಕಲಿತದ್ದೆಲ್ಲ ವೇಸ್ಟ್ ಆಯ್ತು" ಅನ್ನುವುದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಬ್ಬರೂ ಕೂತು ನೋಡಿದೆವು. ಜಮಾ-ಖರ್ಚು ಬದಲಾಗಿದೆಯಾ? ಇಲ್ಲ. ಬ್ಯಾಂಕ್ ಲೆಕ್ಕ ಹೊಂದಿಸುವುದು? ಇಲ್ಲ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯ ಪರದೆ ಸ್ವಲ್ಪ ಬೇರೆ ಆಗಿದೆ, ಒಳಗಿನ ಲೆಕ್ಕ ಅದೇ. ನಿಜವಾಗಿ ಹೊಸದು ಅಂದರೆ ತಿಂಗಳ ರಿಟರ್ನ್‌ಗಳು. ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ತಿಂಗಳ 11ರೊಳಗೆ, ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ 20ರೊಳಗೆ. ಜೊತೆಗೆ ಹೂಡುವಳಿ ತೆರಿಗೆಯನ್ನು, ಅಂದರೆ ಖರೀದಿ ಮಾಡುವಾಗ ಕೊಟ್ಟ ತೆರಿಗೆಯನ್ನು, ಪೋರ್ಟಲ್‌ನಲ್ಲಿ ತಾಳೆ ನೋಡುವುದು. ಅಷ್ಟನ್ನು ಕಲಿಯಲು ಪರಿಚಯದ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ದಿನಕ್ಕೆ ಅರ್ಧ ಹೊತ್ತು ಕೂತರು. ಹೋಗಿದೆ ಅಂದುಕೊಂಡದ್ದು ಎಲ್ಲವೂ, ನಿಜವಾಗಿ ಹೋದದ್ದು ಸ್ವಲ್ಪ. ನಿಮ್ಮ ನೋಟ್‌ಬುಕ್‌ನಲ್ಲೂ ಒಂದು ಗೆರೆ ಎಳೆಯಿರಿ. ಒಂದು ಕಡೆ ಬದಲಾಗದ್ದು, ಇನ್ನೊಂದು ಕಡೆ ಹೊಸದಾಗಿ ಕಲಿಯಬೇಕಾದದ್ದು. ಎರಡನೆಯದು ಯಾವಾಗಲೂ ಹೆದರಿದ್ದಕ್ಕಿಂತ ಚಿಕ್ಕದಿರುತ್ತದೆ.

ಸಂದರ್ಶನದಲ್ಲಿ ಸೋತು ಬಂದವರಿಗೆ ನಮ್ಮ ಫೌಂಡ್ರಿಯ ಮಾತನ್ನೇ ಹೇಳುತ್ತೇನೆ. ಒಂದು ದಿನ ತಿರಸ್ಕಾರ ಜಾಸ್ತಿ ಬಂತು ಅಂದರೆ "ನಮಗೆ ಎರಕ ಹೊಯ್ಯಲಿಕ್ಕೇ ಬರೋದಿಲ್ಲ" ಅಂತ ಯಾವ ಫೌಂಡ್ರಿಯೂ ಬಾಗಿಲು ಹಾಕುವುದಿಲ್ಲ. ಪೀಸ್‌ಗಳನ್ನು ಸಾಲಾಗಿ ಇಟ್ಟು ನೋಡುತ್ತಾರೆ. ಗಾಳಿಗುಳ್ಳೆ ಇದ್ದರೆ ಮರಳಿನ ತೇವ ನೋಡುತ್ತಾರೆ. ಕೋಲ್ಡ್ ಶಟ್ ಇದ್ದರೆ ಕರಗಿದ ಕಬ್ಬಿಣ ಹೊಯ್ಯುವಾಗ ತಣ್ಣಗಾಗಿತ್ತಾ ನೋಡುತ್ತಾರೆ. ಶ್ರಿಂಕೇಜ್ ಇದ್ದರೆ ರೈಸರ್, ಅಂದರೆ ಲೋಹ ಕುಗ್ಗುವಾಗ ತುಂಬಿಕೊಡುವ ಭಾಗ, ಸಾಲದಾಯಿತಾ ನೋಡುತ್ತಾರೆ. ಸಂದರ್ಶನವನ್ನೂ ಹಾಗೇ ನೋಡಿ. ಕರೆಯೇ ಬರುತ್ತಿಲ್ಲ ಅಂದರೆ ತೊಂದರೆ ಬಯೋಡೇಟಾದಲ್ಲಿ, ಅಥವಾ ನೀವು ಅರ್ಜಿ ಹಾಕುತ್ತಿರುವ ಜಾಗದಲ್ಲಿ. ಕರೆ ಬಂದು ಮೊದಲ ಸುತ್ತಿನಲ್ಲೇ ನಿಂತರೆ ನಿಮ್ಮ ಬಗ್ಗೆ ಹೇಳಿಕೊಳ್ಳುವ ರೀತಿಯಲ್ಲಿ. ತಾಂತ್ರಿಕ ಸುತ್ತಿನಲ್ಲಿ ನಿಂತರೆ ಓದಬೇಕಾದ ವಿಷಯ ಯಾವುದು ಅಂತ ಅವರೇ ಪ್ರಶ್ನೆ ಕೇಳಿ ಹೇಳಿಬಿಟ್ಟಿದ್ದಾರೆ. ಮನೆಗೆ ಬಂದ ಕೂಡಲೇ ಆ ಪ್ರಶ್ನೆಗಳನ್ನು ಬರೆದಿಡಿ. ಮರುದಿನಕ್ಕೆ ಮರೆತುಹೋಗುತ್ತವೆ.

ಇನ್ನು ಇಂಗ್ಲಿಷ್. ಚೀಟಿಗಳಲ್ಲಿ ಬಹಳ ಸಲ ಬಂದ ವಿಷಯ ಇದು, ಸ್ವಲ್ಪ ನಿಂತು ಮಾತಾಡೋಣ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು, ಕೆಲಸದಲ್ಲಿ ಒಳ್ಳೆ ಕೈ ಇದ್ದವರು, ಇಂಗ್ಲಿಷ್ ಅಂದ ಕೂಡಲೇ ಕುರ್ಚಿಯಲ್ಲಿ ಕುಗ್ಗಿ ಹೋಗುವುದನ್ನು ನಾನು ನೋಡಿದ್ದೇನೆ. ಮನಸ್ಸಿಗೆ ನೋವಾಗುತ್ತದೆ. ಇಂಗ್ಲಿಷ್ ಬೇಡ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳು ಸಮಾಧಾನ ಆಗುತ್ತದೆ. ಡ್ರಾಯಿಂಗ್ ಮೇಲಿನ ಟಿಪ್ಪಣಿ ಇಂಗ್ಲಿಷಿನಲ್ಲಿದೆ, ಇಮೇಲ್ ಇಂಗ್ಲಿಷಿನಲ್ಲಿದೆ, ಆಡಿಟ್ ಇಂಗ್ಲಿಷಿನಲ್ಲಿ ನಡೆಯುತ್ತದೆ. ಆದರೆ ನಿಮಗೆ ಬೇಕಾದದ್ದು ನಿಮ್ಮ ಕೆಲಸದ ಇಂಗ್ಲಿಷ್. ಟಾಲರೆನ್ಸ್, ಕ್ಲಿಯರೆನ್ಸ್, ಬ್ಯಾಚ್, ಡಿಸ್ಪ್ಯಾಚ್, ಪೆಂಡಿಂಗ್, ರೀವರ್ಕ್, ಈ ಪದಗಳನ್ನು ನೀವು ದಿನವೂ ಕನ್ನಡ ವಾಕ್ಯದೊಳಗೆ ಇಟ್ಟು ಆಡುತ್ತಲೇ ಇದ್ದೀರಿ. ಪದ ಇದೆ, ಸುತ್ತಲಿನ ಸಣ್ಣ ವಾಕ್ಯ ಇಲ್ಲ. ಇವತ್ತು ಮಾಡಿದ ಕೆಲಸವನ್ನು ದಿನಕ್ಕೆ ಐದು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಹವಾಮಾನದ ಬಗ್ಗೆ, ಸಿನಿಮಾ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವುದು ಆಮೇಲೆ ಕಲಿಯೋಣ.

ಮತ್ತೆ, ನಿಮ್ಮ ಹತ್ತಿರ ಇರುವ ಭಾಷೆಗಳನ್ನು ಯಾಕೆ ಮುಚ್ಚಿಡುತ್ತೀರಿ? ಬೆಳಗಾವಿಯ ಹುಡುಗಿ ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಖಡೇಬಜಾರಿನಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತಾಳೆ, ಆಫೀಸಿನಲ್ಲಿ ಬಿಹಾರದಿಂದ ಬಂದ ಕೆಲಸಗಾರರಿಗೆ ಹಿಂದಿಯಲ್ಲಿ ಹೇಳಿಕೊಡುತ್ತಾಳೆ. ಬಯೋಡೇಟಾದಲ್ಲಿ ಮಾತ್ರ ಇದೆಲ್ಲ ಕೊನೆಯ ಸಾಲಿನಲ್ಲಿ "ತಿಳಿದಿರುವ ಭಾಷೆಗಳು" ಅಂತ ಸುಮ್ನೆ ಬಿದ್ದಿರುತ್ತದೆ. ಕೊಲ್ಹಾಪುರ, ಇಚಲಕರಂಜಿ, ಪುಣೆಯ ಜೊತೆ ವ್ಯವಹಾರ ಇರುವ ಕಾರ್ಖಾನೆಗೆ ಮೂರು ಭಾಷೆಯಲ್ಲಿ ಫೋನ್ ಎತ್ತಬಲ್ಲವರು ಎಷ್ಟು ಬೇಕು ಅಂತ ನನಗೆ ಗೊತ್ತು. "ಮಹಾರಾಷ್ಟ್ರದ ಗ್ರಾಹಕರ ದೂರುಗಳನ್ನು ಮರಾಠಿಯಲ್ಲಿ ನಾನೇ ನೋಡಿಕೊಳ್ಳುತ್ತೇನೆ" ಅಂತ ಬರೆಯಿರಿ. ಬೆಂಗಳೂರಿನ ಎಷ್ಟೋ ಅಭ್ಯರ್ಥಿಗಳು ಬರೆಯಲಾರದ ಸಾಲು ಅದು.

ದಾರಿ ಬದಲಿಸುವುದು ಅಂದರೆ ಇದ್ದದ್ದನ್ನು ಒಂದೇ ದಿನ ಬಿಟ್ಟು ಹೊರಡುವುದು ಅಂತ ಅನೇಕರು ತಿಳಿದಿದ್ದಾರೆ. ನಮ್ಮ ಭಾಗದವರೇ ಆದ ಫ. ಗು. ಹಳಕಟ್ಟಿ ಅವರನ್ನು ನೆನೆಯಿರಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಾನೂನು ಓದಿದರು, ಬೆಳಗಾವಿಯಲ್ಲಿ ವಕೀಲಿ ಶುರು ಮಾಡಿ ವಿಜಯಪುರಕ್ಕೆ ಹೋದರು. ಇವತ್ತು ನಾಡು ಅವರನ್ನು ವಚನ ಪಿತಾಮಹ ಅನ್ನುತ್ತದೆ. ಆದರೆ ಕೋಟು ಬಿಚ್ಚಿಟ್ಟು ಅವರು ವಚನಕ್ಕೆ ಹೋಗಲಿಲ್ಲ. ವಕೀಲಿ ನಡೆಸುತ್ತಲೇ ಮನೆಮನೆಗಳಲ್ಲಿ, ಮಠಗಳಲ್ಲಿ ಇದ್ದ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. ಜೊತೆಗೇ ವಿಜಯಪುರದಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಶುರು ಮಾಡಿದರು. ವಚನಗಳ ದೊಡ್ಡ ಸಂಕಲನ ಅಚ್ಚಾಗಿ ಹೊರಬಂದದ್ದು 1923ರಲ್ಲಿ, ಅದೂ ನಮ್ಮ ಬೆಳಗಾವಿಯಲ್ಲಿ. ಆಗ ಅವರ ವಯಸ್ಸು ನಲವತ್ತು ದಾಟಿತ್ತು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಒಂದೊಂದು ಪ್ರತಿಯನ್ನೂ ಇನ್ನೊಂದರ ಜೊತೆ ತಾಳೆ ನೋಡುವುದು, ಯಾವುದು ಮೂಲ ಅಂತ ತೂಗಿ ನೋಡುವುದು ವಕೀಲನ ಕಣ್ಣಿಗೆ ಪರಿಚಯದ ಕೆಲಸ. ಹಳೆಯ ಕಸುಬು ಹೊಸ ಕೆಲಸಕ್ಕೆ ಅಡ್ಡ ಬರಲಿಲ್ಲ, ಕೈ ಹಿಡಿಯಿತು ಅಂತ ನನಗೆ ಅನ್ನಿಸುತ್ತದೆ. ನಾವೆಲ್ಲ ಹಳಕಟ್ಟಿಯವರಾಗಬೇಕಿಲ್ಲ. ಇರುವ ಕೆಲಸದ ಪಕ್ಕದಲ್ಲೇ ಇನ್ನೊಂದನ್ನು ಬೆಳೆಸಬಹುದು, ಅದಕ್ಕೆ ವರ್ಷಗಳು ಹಿಡಿದರೂ ಪರವಾಗಿಲ್ಲ. ಅಷ್ಟನ್ನು ಅವರಿಂದ ತಗೊಂಡರೆ ಸಾಕು.

ಹಾಗಾಗಿ ಕೆಲಸ ಬಿಡುವ ಮೊದಲು ಹೊಸದನ್ನು ಸಣ್ಣದಾಗಿ ಮಾಡಿ ನೋಡಿ. ಐಐಟಿಗಳು ಸೇರಿ ನಡೆಸುವ ಎನ್‌ಪಿಟೆಲ್ ಅನ್ನುವ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ಕೇಳಬಹುದು, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ದುಡ್ಡು. ಟೂಲ್ ರೂಮ್, ಸಿಎನ್‌ಸಿ ಕಡೆ ಆಸಕ್ತಿ ಇದ್ದವರಿಗೆ ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಇದೇ ಊರಿನಲ್ಲಿದೆ. ಸಕ್ಕರೆ ಕಾರ್ಖಾನೆಯ ಕಡೆ ನೋಡುವವರಿಗೆ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇಲ್ಲೇ ಇದೆ. ಡಿಗ್ರಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಹೊಸಬರಿಗೆ ರಾಜ್ಯದ ಯುವನಿಧಿ ಇದೆ. ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅದನ್ನು ಬಸ್ ಚಾರ್ಜಿಗೆ, ಪರೀಕ್ಷೆಯ ಫೀಗೆ ಇಟ್ಟುಕೊಳ್ಳಿ.

ಜನರನ್ನು ಕೇಳುವುದರ ಬಗ್ಗೆಯೂ ಹೇಳಬೇಕು. "ವಶೀಲಿ ಇಲ್ಲದೆ ಏನೂ ಆಗೋದಿಲ್ಲ ಸರ್" ಅಂತ ಒಬ್ಬರು ಬರೆದಿದ್ದಾರೆ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು ಅಮೆರಿಕದ ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಮಾತಾಡಿಸಿದ್ದರು. ಕೆಲಸದ ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ಭೇಟಿ ಆಗುತ್ತಿದ್ದಿರಿ ಅಂತ ಕೇಳಿದರು. ಆಗಾಗ ಸಿಗುತ್ತಿದ್ದವರು ಅಂತ ಹೇಳಿದವರು ನೂರಕ್ಕೆ 17ರಷ್ಟು ಮಾತ್ರ. ಅಪರೂಪಕ್ಕೊಮ್ಮೆ ಸಿಗುತ್ತಿದ್ದವರು ಅಂದವರು ನೂರಕ್ಕೆ 28ರಷ್ಟು. ಉಳಿದ ಅರ್ಧಕ್ಕಿಂತ ಹೆಚ್ಚು ಜನರಿಗೆ ಸುದ್ದಿ ಬಂದದ್ದು ಯಾವಾಗಲಾದರೊಮ್ಮೆ ಸಿಗುವ ಪರಿಚಯದವರಿಂದ. 1973ರಲ್ಲಿ ಅದು ಪ್ರಕಟವಾಯಿತು. ಕಾರಣ ಸರಳ. ನಮ್ಮ ಹತ್ತಿರದ ಗೆಳೆಯರಿಗೆ ನಮಗೆ ಗೊತ್ತಿರುವಷ್ಟೇ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ವಲಯದಲ್ಲಿ ಓಡಾಡುತ್ತಾರೆ, ಬೇರೆ ಸುದ್ದಿ ತರುತ್ತಾರೆ.

ಅಂಥವರ ಹತ್ತಿರ ಹೋಗಿ "ಒಂದು ಕೆಲಸ ಕೊಡಿಸ್ರಿ" ಅಂದರೆ ಅವರಿಗೂ ಮುಜುಗರ, ನಿಮಗೂ ಮುಜುಗರ. "ನಿಮ್ಮ ಕೆಲಸ ಹೇಗಿರ್ತದೆ, ಹತ್ತು ನಿಮಿಷ ಹೇಳ್ತೀರಾ?" ಅಂತ ಕೇಳಿ ನೋಡಿ. ನಮ್ಮ ಜನ ತಮ್ಮ ಕೆಲಸದ ಬಗ್ಗೆ ಹೇಳಲು ಇಷ್ಟಪಡುತ್ತಾರೆ. ಹತ್ತು ನಿಮಿಷ ಕೇಳಿದವರಿಗೆ ಚಹಾ ಕೊಡಿಸಿ ಅರ್ಧ ತಾಸು ಹೇಳುತ್ತಾರೆ. ನಿಮ್ಮಂಥವರೇ, ನಿಮ್ಮೂರಿನ ಕಡೆಯವರೇ ಆ ಕೆಲಸ ಮಾಡುತ್ತಿದ್ದಾರೆ ಅಂತ ಕಣ್ಣಾರೆ ನೋಡುತ್ತೀರಲ್ಲ, ಅದೇ ಬಂಡೂರಾ ಹೇಳಿದ ಎರಡನೆಯ ದಾರಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈಗ ಒಂದು ಮಾತು, ಪ್ರೀತಿಯಿಂದ. ವಿಜಯಪುರದಲ್ಲಿ, ಧಾರವಾಡದಲ್ಲಿ ಸಣ್ಣ ರೂಮು ಹಿಡಿದು, ಮೆಸ್ಸಿನ ಊಟ ಮಾಡಿ, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಓದುವ ಮಕ್ಕಳ ಶ್ರಮವನ್ನು ನಾನು ಬಹಳ ಗೌರವಿಸುತ್ತೇನೆ. ಹೊಲ ಮಾರಿಯೋ ಸಾಲ ಮಾಡಿಯೋ ದುಡ್ಡು ಕಳಿಸುವ ಅಪ್ಪ ಅಮ್ಮನನ್ನೂ ಬಲ್ಲೆ. ಓದಬೇಡಿ ಅಂತ ಹೇಳಲು ನಾನು ಯಾರೂ ಅಲ್ಲ. ಆದರೆ ಎಲ್ಲಿ ನಿಲ್ಲಿಸುತ್ತೇನೆ ಅನ್ನುವುದನ್ನು ಫಲಿತಾಂಶ ಬರುವ ಮೊದಲೇ, ಮನಸ್ಸು ಸಮಾಧಾನವಾಗಿರುವಾಗ ಬರೆದಿಡಿ. ಎರಡು ಅಂಕದಲ್ಲಿ ತಪ್ಪಿಹೋದ ದಿನ ಯಾರೂ ಸರಿಯಾಗಿ ಯೋಚನೆ ಮಾಡಲಾರರು. ಆ ದಿನ "ಇನ್ನೊಂದೇ ಸಲ" ಅಂತಲೇ ಅನ್ನಿಸುತ್ತದೆ.

ಮತ್ತೆ ಆ ವರ್ಷಗಳನ್ನು ಖಾಲಿ ಅಂತ ಕರೆಯಬೇಡಿ. ಸಂದರ್ಶನದಲ್ಲಿ "ಈ ನಾಲ್ಕು ವರ್ಷ ಏನು ಮಾಡಿದಿರಿ?" ಅಂದಾಗ ತಲೆ ತಗ್ಗಿಸುವವರನ್ನು ಕಂಡಿದ್ದೇನೆ. ದಿನಕ್ಕೆ ಹತ್ತು ತಾಸು ಒಂದೇ ಕಡೆ ಕೂತು ಓದುವ ಅಭ್ಯಾಸ ಬಂದಿದೆ. 1993ರ ಪಂಚಾಯತ್ ರಾಜ್ ಕಾಯ್ದೆ ಗೊತ್ತಿದೆ. ಕೃಷಿ, ಬಜೆಟ್, ಸಂವಿಧಾನ ಗೊತ್ತಿದೆ. ಜೂನಿಯರ್‌ಗಳಿಗೆ ಗಣಿತ ಹೇಳಿಕೊಟ್ಟಿದ್ದೀರಿ. ಗ್ರಾಮೀಣ ಭಾಗದಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ, ಹಣಕಾಸು ಕಂಪನಿಗಳಿಗೆ, ಶಾಲೆಗಳಿಗೆ, ಕೋಚಿಂಗ್ ಕೇಂದ್ರಗಳಿಗೆ ಇದು ಬೇಕಾದ ಸಾಮಾನು. ಆದರೆ ನೀವೇ ಅದನ್ನು ಬಿಡಿಸಿ ಹೇಳಬೇಕು, ಕೇಳುವವರು ಊಹೆ ಮಾಡಿಕೊಳ್ಳುವುದಿಲ್ಲ.

ಕೆಲಸದಲ್ಲಿ ಇದ್ದೂ ಧೈರ್ಯ ಕಳೆದುಕೊಂಡವರು ಕೆಲವರಿದ್ದೀರಿ. ಮೇಲಿನವರು ಎಲ್ಲರ ಎದುರು ಬೈದಿರಬಹುದು, ಬಡ್ತಿ ತಪ್ಪಿರಬಹುದು. ಅಂಥ ಹೊತ್ತಿನಲ್ಲಿ ಒಂದು ವಾರಕ್ಕೆ ಒಂದೇ ಸಣ್ಣ ಕೆಲಸ ಆರಿಸಿಕೊಳ್ಳಿ. ಅದು ಪೂರ್ತಿ ನಿಮ್ಮ ಕೈಯಲ್ಲಿರಬೇಕು, ಬೇರೆಯವರನ್ನು ಕಾಯುವಂತಿರಬಾರದು. ದಿನವೂ ತಡವಾಗಿ ಹೋಗುವ ಒಂದು ವರದಿಯನ್ನು ಸಂಜೆ ಐದಕ್ಕೆ ಕಳಿಸುವುದು, ಅಷ್ಟೇ. ವಾರ ಮುಗಿದಾಗ ಅದನ್ನು ಮೇಲಿನವರಿಗೆ ಎರಡು ಸಾಲಿನ ಮೆಸೇಜಿನಲ್ಲಿ ತಿಳಿಸಿ. ಹೇಳಿಕೊಳ್ಳುವುದು ದೊಡ್ಡಸ್ತಿಕೆ ಅಂತ ನಮ್ಮ ಮನೆಗಳಲ್ಲಿ ಕಲಿಸಿದ್ದಾರೆ. ಆಫೀಸಿನಲ್ಲಿ ಮಾಡಿದ ಕೆಲಸ ತಿಳಿಸುವುದು ಕೂಡ ಕೆಲಸದ ಭಾಗ.

ಇನ್ನು ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

ಬಾಗಲಕೋಟೆಯಿಂದ ಬಂದ ಒಬ್ಬರು ಕೇಳಿದರು: "ನಮ್ಮ ಕಡೆ ದೊಡ್ಡ ಕಂಪನಿ ಇಲ್ಲ, ಊರು ಬಿಡಲೇಬೇಕಾ?"

ಬಿಡಬೇಕಾಗಿ ಬಂದರೆ ಬಿಡುವುದರಲ್ಲಿ ತಪ್ಪಿಲ್ಲ. ಆದರೆ ಬಿಡುವ ಮೊದಲು ಸುತ್ತ ನೋಡಿದ್ದೀರಾ ಅಂತ ಕೇಳುತ್ತೇನೆ. ನಿಮ್ಮ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಅಲ್ಲಿ ಲ್ಯಾಬ್ ಇದೆ, ಬಾಯ್ಲರ್ ಇದೆ, ಇನ್‌ಸ್ಟ್ರುಮೆಂಟೇಶನ್ ಇದೆ, ಕಬ್ಬಿನ ಸಿಪ್ಪೆಯಿಂದ ಕರೆಂಟ್ ಮಾಡುತ್ತಾರೆ. ಸಿಮೆಂಟ್ ಇದೆ. ತೋಟಗಾರಿಕೆ ವಿಶ್ವವಿದ್ಯಾಲಯ ನಿಮ್ಮ ಊರಿನಲ್ಲೇ ಇದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವವರಿಗೆ ಆನ್‌ಲೈನ್‌ನಲ್ಲಿ ಮಾರುವವರು, ಒಳ್ಳೆ ಫೋಟೊ ತೆಗೆಯುವವರು, ಲೆಕ್ಕ ಇಡುವವರು ಬೇಕು. ನಿಮ್ಮ ಪಟ್ಟಿಯ ಯಾವ ಸಾಲು ಇವುಗಳಲ್ಲಿ ಯಾವುದಕ್ಕೆ ಹೊಂದುತ್ತದೆ ನೋಡಿ. ಒಂದೂ ಹೊಂದದಿದ್ದರೆ ಆಗ ಪುಣೆ, ಬೆಂಗಳೂರು.

ನಲವತ್ತು ದಾಟಿದ ಮಷಿನ್ ಆಪರೇಟರ್ ಒಬ್ಬರು: "ಈ ವಯಸ್ಸಿಗೆ ಹೊಸದು ಕಲಿತರೆ ಹುಡುಗರ ಎದುರು ನಗೆಪಾಟಲು ಆಗೋದಿಲ್ವಾ?"

ಹುಡುಗರಿಗೆ ಪರದೆ ಬೇಗ ಅರ್ಥ ಆಗುತ್ತದೆ, ನಿಜ. ಟೂಲ್ ಸವೆದಾಗ ಮಷಿನ್ ಮಾಡುವ ಸದ್ದು ಬದಲಾಗುತ್ತದಲ್ಲ, ಅದು ಅವರಿಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಒಬ್ಬ ಹುಡುಗನ ಜೊತೆ ಒಪ್ಪಂದ ಮಾಡಿಕೊಳ್ಳಿ. ಅವನು ನಿಮಗೆ ಪ್ರೋಗ್ರಾಮ್ ಹೇಳಿಕೊಡಲಿ, ನೀವು ಅವನಿಗೆ ಸೆಟ್ಟಿಂಗ್ ಹೇಳಿಕೊಡಿ. ಇಬ್ಬರೂ ಕಲಿಸುವವರಾದಾಗ ನಗುವ ಪ್ರಶ್ನೆ ಬರುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತ ತಾಯಿಯೊಬ್ಬರದು: "ಕೆಲಸ ಹೋದಾಗಿನಿಂದ ಮಗ ಮಾತೇ ಆಡೋದಿಲ್ಲ. ರೂಮಿನಲ್ಲೇ ಇರ್ತಾನೆ. ನಾನೇನು ಮಾಡ್ಲಿ?"

ಅಮ್ಮಾ, ದಿನವೂ "ಏನಾಯ್ತು, ಕರೆ ಬಂತಾ?" ಅಂತ ಕೇಳುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಚಿಕ್ಕಪ್ಪನ ಮಗನ ಸಂಬಳದ ಮಾತು ಮನೆಯಲ್ಲಿ ಬೇಡ. ಮನೆಯ ಒಂದು ಕೆಲಸವನ್ನು ಪೂರ್ತಿ ಅವನ ಕೈಗೆ ಬಿಡಿ, ಬ್ಯಾಂಕಿನದೋ ರಿಪೇರಿಯದೋ. ಮುಗಿಸಿ ಬಂದಾಗ ಹೇಗೆ ಮಾಡಿದೆ ಅಂತ ಕೇಳಿ. ಆದರೆ ಅವನಿಗೆ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಾಯಲ್ಲಿ ಬರುತ್ತಿದೆ ಅಂದರೆ ಕಾಯಬೇಡಿ. ಅದು ಕೆಲಸದ ವಿಷಯ ದಾಟಿ ಆರೋಗ್ಯದ ವಿಷಯ ಆಗಿದೆ, ಅದಕ್ಕೆ ಚಿಕಿತ್ಸೆ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅಲ್ಲಿಗೆ ಹೋಗುವ ಮೊದಲು ಮಾತಾಡಬೇಕು ಅಂದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಕೂಡ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನೇ ಫೋನ್ ಮಾಡಬೇಕು ಅಂತೇನಿಲ್ಲ, ಮೊದಲು ನೀವೇ ಮಾಡಿ ಕೇಳಬಹುದು. ನಂಬರ್ ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: 14416.